ಏಳನೆಯ ಅಕ್ಷರ: ಮೆಸ್ರೋಪ್ ಮಾಷ್ತೋತ್ಸನ ಜೀವನಸಾಧನೆ

ಅರ್ಮೇನಿಯನ್ ವರ್ಣಮಾಲೆಯ ಏಳನೆಯ ಅಕ್ಷರದ ಹೆಸರು ‘ಏ’. ಸಂಖ್ಯೆಯಾಗಿ ಅದರ ಬೆಲೆ 7. ಕ್ರಿಯಾಪದವಾಗಿ ಅದರ ಅರ್ಥ ‘ಇದ್ದಾನೆ’. ಅರ್ಮೇನಿಯನ್ ಚರ್ಚುಗಳಲ್ಲಿ ಬಲಿಪೀಠದ ಮೇಲ್ಭಾಗದಲ್ಲಿ ದೇವರ ನಾಮವಾಗಿ ಈ ಒಂಟಿ ಅಕ್ಷರವನ್ನು ಬರೆಯುವ ಸಂಪ್ರದಾಯವಿದೆ. ಇದಕ್ಕೆ ರೂಪಕೊಟ್ಟ ಮೆಸ್ರೋಪ್ ಮಾಷ್ತೋತ್ಸನ ಜೀವನವು ನಾಡೊಂದು ತನ್ನ ನುಡಿಯನ್ನು ಉಳಿಸಿಕೊಂಡ ಚರಿತ್ರೆಯೂ ಹೌದು.

ಮಾಷ್ತೋತ್ಸನು ಕ್ರಿ.ಶ. 360ರ ಸುಮಾರಿಗೆ ತಾರೋನ್ ಪ್ರಾಂತ್ಯದಲ್ಲಿ ಜನಿಸಿದನು. ಗ್ರೀಕ್ ವಿದ್ಯೆಯನ್ನು ಕಲಿತು ರಾಜಾಸ್ಥಾನದಲ್ಲಿ ಅಧಿಕಾರಿಯಾಗಿದ್ದವನು, ಮುಂದೆ ಲೌಕಿಕವನ್ನು ತೊರೆದು ಸನ್ಯಾಸಿಯಾದನು. 387ರಲ್ಲಿ ಅರ್ಮೇನಿಯವು ರೋಮ್ ಮತ್ತು ಪರ್ಷಿಯ ಸಾಮ್ರಾಜ್ಯಗಳ ನಡುವೆ ಹಂಚಿಹೋಯಿತು. ನಾಲ್ಕನೆಯ ಶತಮಾನದ ಆರಂಭದಲ್ಲಿಯೇ ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದ ಆ ನಾಡಿನಲ್ಲಿ ಧರ್ಮಗ್ರಂಥದ ಪಠಣ ನಡೆಯುತ್ತಿದ್ದುದು ಮಾತ್ರ ಗ್ರೀಕ್ ಮತ್ತು ಸಿರಿಯಕ್ ಭಾಷೆಗಳಲ್ಲಿ. ಗೊಖ್ತನ್ ಸೀಮೆಯಲ್ಲಿ ಬೋಧನೆಗೆ ತೊಡಗಿದ್ದ ಮಾಷ್ತೋತ್ಸನಿಗೆ ಜನರ ಮಾತಿಗೆ ಲಿಪಿಯಿಲ್ಲದ ಕೊರತೆ ತೀವ್ರವಾಗಿ ತಟ್ಟಿತು.

ಧರ್ಮಗುರು ಸಾಹಕ್ ಮತ್ತು ದೊರೆ ವ್ರಾಮ್‌ಶಪುಹ್ ಆತನ ಬೆಂಬಲಕ್ಕೆ ನಿಂತರು. ದಾನಿಯೇಲನೆಂಬ ಸಿರಿಯದ ಬಿಷಪ್‌ನ ಬಳಿಯಿದ್ದ ಅಕ್ಷರಗಳನ್ನು ತರಿಸಿ ಸುಮಾರು ಎರಡು ವರ್ಷ ಕಲಿಸಲಾಯಿತು. ಅವು ಅರ್ಮೇನಿಯನ್ ನುಡಿಯ ಉಚ್ಚಾರಣೆಯನ್ನು ಪೂರ್ಣವಾಗಿ ಹಿಡಿದಿಡಲಾರವೆಂಬುದು ಬಳಕೆಯಿಂದ ಸ್ಪಷ್ಟವಾಯಿತು. ಆಗ ಮಾಷ್ತೋತ್ಸನು ಶಿಷ್ಯರೊಡನೆ ಎದೆಸ್ಸಾ, ಸಮೋಸಾತ ಮೊದಲಾದ ನಗರಗಳಿಗೆ ತೆರಳಿ, 405ರ ಸುಮಾರಿಗೆ 36 ಅಕ್ಷರಗಳ ಹೊಸ ವರ್ಣಮಾಲೆಯನ್ನು ಸಿದ್ಧಪಡಿಸಿದನು. ಅಕ್ಷರಗಳ ಆಕೃತಿಯನ್ನು ತಿದ್ದುವಲ್ಲಿ ರುಫಿನಸ್ ಎಂಬ ಗ್ರೀಕ್ ಲಿಪಿಕಾರನು ನೆರವಾದನು.

ಈ ವರ್ಣಮಾಲೆಯ ಅನುಕ್ರಮವು ಬಹುಮಟ್ಟಿಗೆ ಗ್ರೀಕನ್ನು ಅನುಸರಿಸುತ್ತದೆ. ಗ್ರೀಕಿನಲ್ಲಿಲ್ಲದ ಧ್ವನಿಗಳಿಗೆ ನಡುನಡುವೆ ಹೊಸ ಅಕ್ಷರಗಳು ಸೇರಿವೆ. ಐದನೆಯ ಅಕ್ಷರವೂ ಏಳನೆಯ ಅಕ್ಷರವೂ ಎಕಾರದ ವರ್ಗಕ್ಕೆ ಸೇರಿದವಾದರೂ ಅಂದಿನ ಉಚ್ಚಾರಣೆಯಲ್ಲಿ ಅವು ಭಿನ್ನ ಸ್ವರಗಳಾಗಿದ್ದವು. ಆ ಭೇದಕ್ಕೆ ಪ್ರತ್ಯೇಕ ಅಕ್ಷರವನ್ನು ಕೊಟ್ಟಿರುವುದು ಮಾಷ್ತೋತ್ಸನ ಧ್ವನಿವಿವೇಚನೆಗೆ ಸಾಕ್ಷಿ. ಮುಂದೆ ಉಚ್ಚಾರಣೆಯ ಭೇದ ಬಹುಮಟ್ಟಿಗೆ ಅಳಿಯಿತು; ಅಕ್ಷರ ಅಳಿಯಲಿಲ್ಲ.

ಲಿಪಿಯನ್ನು ರೂಪಿಸಿದಲ್ಲಿಗೆ ಆತನ ಕಾರ್ಯ ಮುಗಿಯಲಿಲ್ಲ. ಪರ್ಷಿಯದ ಅಧೀನದ ಭಾಗದಲ್ಲಿ ಶಾಲೆಗಳನ್ನು ತೆರೆದ ಬಳಿಕ, ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಎರಡನೆಯ ಥಿಯೊಡೋಸಿಯಸ್ ಚಕ್ರವರ್ತಿಯಿಂದ ರೋಮನ್ ಭಾಗದಲ್ಲಿಯೂ ಕಲಿಸಲು ಅನುಮತಿ ಪಡೆದನು. ಹೀಗೆ ರಾಜಕೀಯವಾಗಿ ಒಡೆದಿದ್ದ ನಾಡಿನ ಎರಡು ಭಾಗಗಳನ್ನೂ ಒಂದೇ ಅಕ್ಷರಮಾಲೆ ಬೆಸೆಯಿತು. ಸಾಹಕ್ ಮತ್ತು ಶಿಷ್ಯರೊಡಗೂಡಿ ಆತನು ನಡೆಸಿದ ಬೈಬಲ್ ಅನುವಾದದಿಂದ ಅರ್ಮೇನಿಯನ್ ಲಿಖಿತ ಸಾಹಿತ್ಯವು ಆರಂಭವಾಯಿತು.

428ರಲ್ಲಿ ಅರ್ಮೇನಿಯದ ಅರಸೊತ್ತಿಗೆ ಕೊನೆಗೊಂಡಿತು. 440ರಲ್ಲಿ ಮಾಷ್ತೋತ್ಸನು ತೀರಿಕೊಂಡನು. ಆತನ ಸಮಾಧಿ ಓಶಕಾನ್ ಗ್ರಾಮದಲ್ಲಿದೆ. ಶಿಷ್ಯ ಕೊರ್ಯುನ್ ಅದೇ ಲಿಪಿಯಲ್ಲಿ ಗುರುವಿನ ಚರಿತ್ರೆಯನ್ನು ಬರೆದನು. ಸಿಂಹಾಸನವಿಲ್ಲದ ಶತಮಾನಗಳಲ್ಲಿ ಅರ್ಮೇನಿಯನ್ನರ ಅಸ್ತಿತ್ವವನ್ನು ಕಾಯ್ದುದು ಈ ಅಕ್ಷರಗಳೇ. ‘ಇದ್ದಾನೆ’ ಎಂದು ಸಾರುವ ಏಳನೆಯ ಅಕ್ಷರವು ದೇವರಿಗೆ ಸಲ್ಲುವಂತೆ ಆ ನುಡಿಯ ಇರವಿಗೂ ಸಲ್ಲುತ್ತದೆ.