ವಿ. ಕೆ. ಮೂರ್ತಿ

ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ (26 ನವೆಂಬರ್ 1923 – 7 ಏಪ್ರಿಲ್ 2014) ಭಾರತೀಯ ಚಲನಚಿತ್ರರಂಗದ ಹೆಸರಾಂತ ಛಾಯಾಗ್ರಾಹಕರು. ವಿ. ಕೆ. ಮೂರ್ತಿ ಎಂದೇ ಪ್ರಸಿದ್ಧರಾದ ಇವರು ಗುರುದತ್ ನಿರ್ಮಾಣದ ಕಪ್ಪು-ಬಿಳುಪು ಹಿಂದಿ ಚಿತ್ರಗಳ ಛಾಯಾಗ್ರಹಣಕ್ಕಾಗಿ ಖ್ಯಾತರಾಗಿದ್ದಾರೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್'ನ (1959) ಛಾಯಾಗ್ರಾಹಕರು ಇವರೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೆಂಬ ಹೆಗ್ಗಳಿಕೆಯೂ ಇವರದು.

ಜನನ ಮತ್ತು ಶಿಕ್ಷಣ

ಮೂರ್ತಿಯವರು ಮೈಸೂರಿನಲ್ಲಿ ಜನಿಸಿದರು. ಬಾಲ್ಯದಿಂದಲೇ ಸಂಗೀತದತ್ತ ಒಲವಿದ್ದ ಇವರು ಪಿಟೀಲು ವಾದನವನ್ನು ಕಲಿತರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ವಿಷಯವನ್ನು ಅಭ್ಯಸಿಸಿ 1946ರಲ್ಲಿ ಡಿಪ್ಲೊಮಾ ಪಡೆದರು. ಅನಂತರ ಮುಂಬಯಿಗೆ ತೆರಳಿ, ಆ ಕಾಲದ ಪ್ರಮುಖ ಛಾಯಾಗ್ರಾಹಕ ಫಲಿ ಮಿಸ್ತ್ರಿಯವರ ಬಳಿ ಸಹಾಯಕರಾಗಿ ದುಡಿದರು.

ಗುರುದತ್ ಅವರೊಡನೆ

ಗುರುದತ್ ನಿರ್ದೇಶನದ ಮೊದಲ ಚಿತ್ರ 'ಬಾಜಿ'ಗೆ (1951) ವಿ. ರಾತ್ರಾ ಛಾಯಾಗ್ರಾಹಕರಾಗಿದ್ದರು, ಮೂರ್ತಿಯವರು ಅವರ ಸಹಾಯಕರು. ಒಂದು ಹಾಡಿನ ಚಿತ್ರೀಕರಣದಲ್ಲಿ ಕನ್ನಡಿಯೊಳಗಿನ ಬಿಂಬವನ್ನು ಬಳಸಿಕೊಂಡು ಕ್ಯಾಮೆರಾ ಚಲಿಸಬೇಕಾದ ಕ್ಲಿಷ್ಟ ದೃಶ್ಯವನ್ನು ಇವರು ಸೂಚಿಸಿ, ತಾವೇ ಚಿತ್ರೀಕರಿಸಿ ತೋರಿಸಿದರು. ಇದನ್ನು ಮೆಚ್ಚಿದ ಗುರುದತ್ ಮುಂದಿನ ಚಿತ್ರ 'ಜಾಲ್'ನ (1952) ಛಾಯಾಗ್ರಹಣವನ್ನು ಇವರಿಗೆ ಒಪ್ಪಿಸಿದರು. 'ಆರ್ ಪಾರ್' (1954), 'ಮಿಸ್ಟರ್ ಅಂಡ್ ಮಿಸೆಸ್ 55' (1955), 'ಸಿ.ಐ.ಡಿ.' (1956), 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' ಮತ್ತು 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಈ ಜೊತೆಗಾರಿಕೆಯ ಮುಖ್ಯ ಚಿತ್ರಗಳು.

ಮಸೂರಗಳ ಆಯ್ಕೆ

ಗುರುದತ್ ಚಿತ್ರಗಳ ಸಮೀಪ ದೃಶ್ಯಗಳಿಗೆ 75 ಮತ್ತು 100 ಮಿ.ಮೀ. ಸಂಗಮದೂರದ ಮಸೂರಗಳನ್ನು ಹೆಚ್ಚಾಗಿ ಬಳಸಲಾಯಿತು. ಕಡಿಮೆ ಸಂಗಮದೂರದ ಮಸೂರದಿಂದ ಮುಖವನ್ನು ತುಂಬುಚಿತ್ರವಾಗಿ ತೆಗೆಯಬೇಕಾದರೆ ಕ್ಯಾಮೆರಾ ನಟರ ತೀರ ಹತ್ತಿರಕ್ಕೆ ಹೋಗಬೇಕಾಗುತ್ತದೆ. ಆಗ ಮೂಗು, ಹಣೆಗಳು ಉಬ್ಬಿದಂತೆ ಕಾಣುತ್ತವೆ. ಹೆಚ್ಚು ಸಂಗಮದೂರದ ಮಸೂರವಾದರೆ ದೂರದಿಂದಲೇ ಮುಖದ ಸಹಜ ಪ್ರಮಾಣವನ್ನು ಉಳಿಸಿಕೊಂಡು ಚಿತ್ರೀಕರಿಸಬಹುದು; ಹಿನ್ನೆಲೆಯೂ ಮಸುಕಾಗಿ ಕಣ್ಣುಗಳ ಭಾವ ಎದ್ದುಕಾಣುತ್ತದೆ. ಆದರೆ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುವುದರಿಂದ ನಟರು ಕೊಂಚ ಅತ್ತಿತ್ತ ಸರಿದರೂ ಫೋಕಸ್ ತಪ್ಪುವ ಅಪಾಯವಿದೆ.

35 ಮಿ.ಮೀ. ಚಲನಚಿತ್ರದ ಚೌಕಟ್ಟು, ಆರಂಭಿಕ ಮಟ್ಟದ ಇಂದಿನ ಬಹುತೇಕ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳ ಎಪಿಎಸ್-ಸಿ ಸಂವೇದಕಕ್ಕೆ ಗಾತ್ರದಲ್ಲಿ ಸಮೀಪವಾಗಿದೆ. ಆದ್ದರಿಂದ ಅಂತಹ ಕ್ಯಾಮೆರಾಕ್ಕೆ 75 ಮಿ.ಮೀ. ಆಸುಪಾಸಿನ ಮಸೂರವನ್ನು ಜೋಡಿಸಿದರೆ ಈ ಚಿತ್ರಗಳ ಸಮೀಪ ದೃಶ್ಯಗಳನ್ನು ಹೋಲುವ ದೃಷ್ಟಿಕೋನ ದೊರೆಯುತ್ತದೆ.

ಸಿನಿಮಾಸ್ಕೋಪ್

ಫ್ರಾನ್ಸಿನ ಆನ್ರಿ ಕ್ರೆತ್ಯೆನ್ 1920ರ ದಶಕದಲ್ಲಿ ರೂಪಿಸಿದ ಅನಮಾರ್ಫಿಕ್ ಮಸೂರ ವ್ಯವಸ್ಥೆಯನ್ನು ಆಧರಿಸಿ, ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯು 1953ರಲ್ಲಿ 'ದಿ ರೋಬ್' ಚಿತ್ರದ ಮೂಲಕ ಸಿನಿಮಾಸ್ಕೋಪನ್ನು ತೆರೆಗೆ ತಂದಿತು. ಈ ಮಸೂರವು ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿ ಸಾಮಾನ್ಯ 35 ಮಿ.ಮೀ. ಫಿಲ್ಮಿನ ಮೇಲೆ ಮೂಡಿಸುತ್ತದೆ. ಪ್ರದರ್ಶನದ ವೇಳೆ ಪ್ರೊಜೆಕ್ಟರಿಗೆ ಜೋಡಿಸಿದ ಅದೇ ಅನುಪಾತದ ಮಸೂರವು ಬಿಂಬವನ್ನು ಮತ್ತೆ ಹಿಗ್ಗಿಸುತ್ತದೆ. ಇವೆರಡು ಒಂದಕ್ಕೊಂದು ಹೊಂದದಿದ್ದರೆ ಪರದೆಯ ಮೇಲೆ ಮನುಷ್ಯರು ಕಡ್ಡಿಯಂತೆ ಉದ್ದಕ್ಕೆ ಕಾಣುತ್ತಾರೆ. ಹೀಗಾಗಿ ಮಸೂರದ ಆಯ್ಕೆ ಕ್ಯಾಮೆರಾಕ್ಕೆ ಮಾತ್ರವಲ್ಲದೆ ಚಿತ್ರಮಂದಿರದ ಸಲಕರಣೆಗೂ ಸಂಬಂಧಿಸಿದ ವಿಷಯವಾಯಿತು.

ಫಾಕ್ಸ್ ಸಂಸ್ಥೆಯವರು ಮುಂಬಯಿಯಲ್ಲಿ ಚಿತ್ರೀಕರಣ ಮುಗಿಸಿದ ಬಳಿಕ ಅಲ್ಲಿಯೇ ಉಳಿದಿದ್ದ ಮಸೂರಗಳ ವಿಷಯ ತಿಳಿದ ಗುರುದತ್, ಸಂಸ್ಥೆಯ ಪ್ರತಿನಿಧಿಯನ್ನು ಭೇಟಿಯಾಗಿ ಅವನ್ನು ಪಡೆದರು. ಮೂರ್ತಿಯವರು ಅವುಗಳೊಡನೆ ಪ್ರಾಯೋಗಿಕ ಚಿತ್ರೀಕರಣ ನಡೆಸಿದ ನಂತರವೇ 'ಕಾಗಜ್ ಕೆ ಫೂಲ್' ಅನ್ನು ಈ ವಿಧಾನದಲ್ಲಿ ನಿರ್ಮಿಸಲಾಯಿತು. ಇಲ್ಲಿ ಹಳೆಯ ಲೆಕ್ಕಾಚಾರಗಳು ನೇರವಾಗಿ ಅನ್ವಯಿಸುತ್ತಿರಲಿಲ್ಲ. ಸಂಗಮದೂರ ಒಂದೇ ಆಗಿದ್ದರೂ ಅನಮಾರ್ಫಿಕ್ ಮಸೂರದಲ್ಲಿ ಅಡ್ಡಲಾಗಿ ಎರಡು ಪಟ್ಟು ಅಗಲದ ದೃಶ್ಯ ಸೆರೆಯಾಗುತ್ತದೆ. ಮುಖದ ಎರಡೂ ಬದಿಗಳಲ್ಲಿ ಬರಿದಾದ ಜಾಗ ಉಳಿಯುತ್ತದೆ. ಆರಂಭದ ಅನಮಾರ್ಫಿಕ್ ಮಸೂರಗಳಲ್ಲಿ, ಕ್ಯಾಮೆರಾ ಹತ್ತಿರವಾದಂತೆ ಮುಖಗಳು ಅಗಲವಾಗಿ ಕಾಣುವ ದೋಷವೂ ಇತ್ತು. ಮೂರ್ತಿಯವರು ಆ ಬರಿದಾದ ಜಾಗವನ್ನೇ ನೆರಳು ಮತ್ತು ಬೆಳಕಿನಿಂದ ತುಂಬಿ ಪಾತ್ರಗಳ ಒಂಟಿತನವನ್ನು ಸೂಚಿಸಲು ಬಳಸಿಕೊಂಡರು.

ಈ ಚಿತ್ರದ 'ವಕ್ತ್ ನೆ ಕಿಯಾ' ಹಾಡಿನಲ್ಲಿ ಸ್ಟುಡಿಯೊದೊಳಗೆ ಇಳಿಯುವ ಬೆಳಕಿನ ಕೋಲು ಇವರ ಅತ್ಯಂತ ಪ್ರಸಿದ್ಧ ಸಾಧನೆ. ಹೊರಗೆ ಇರಿಸಿದ ದೊಡ್ಡ ಕನ್ನಡಿಯಿಂದ ಬಿಸಿಲನ್ನು ಒಳಗಿನ ಇನ್ನೊಂದು ಕನ್ನಡಿಗೆ ಪ್ರತಿಫಲಿಸಿ ಅದನ್ನು ಸಾಧಿಸಲಾಯಿತು. ಆದರೆ ಚಿತ್ರವು ಬಿಡುಗಡೆಯಾದಾಗ ಸೋಲು ಕಂಡಿತು; ಅನಂತರ ಗುರುದತ್ ತಮ್ಮ ಹೆಸರಿನಲ್ಲಿ ಯಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ. ಮೂರ್ತಿಯವರಿಗೆ ಅದೇ ಚಿತ್ರಕ್ಕಾಗಿ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ದಶಕಗಳ ತರುವಾಯ ಚಿತ್ರವು ಮೇರುಕೃತಿಯೆಂದು ಮನ್ನಣೆ ಪಡೆಯಿತು.

ನಂತರದ ವೃತ್ತಿಜೀವನ

'ಚೌದವೀ ಕಾ ಚಾಂದ್' (1960) ಕಪ್ಪು-ಬಿಳುಪಿನ ಚಿತ್ರವಾದರೂ ಅದರ ಶೀರ್ಷಿಕೆ ಗೀತೆಯನ್ನು ಮೂರ್ತಿಯವರು ವರ್ಣದಲ್ಲಿ ಚಿತ್ರೀಕರಿಸಿದರು. 'ಸಾಹಿಬ್ ಬೀಬಿ ಔರ್ ಗುಲಾಮ್'ನ ಒಂದು ನೃತ್ಯಗೀತೆಯಲ್ಲಿ ಮುಖ್ಯ ನರ್ತಕಿಯ ಮೇಲೆ ಮಾತ್ರ ಬೆಳಕು ಬೀರಿ, ಸಹನರ್ತಕಿಯರ ಮುಖಗಳನ್ನು ನೆರಳಿನಲ್ಲಿಯೇ ಉಳಿಸಿದರು. ಈ ಚಿತ್ರಕ್ಕೂ ಫಿಲ್ಮ್‌ಫೇರ್ ಪ್ರಶಸ್ತಿ ಲಭಿಸಿತು. 1964ರಲ್ಲಿ ಗುರುದತ್ ನಿಧನರಾದ ಮೇಲೆ ಪ್ರಮೋದ್ ಚಕ್ರವರ್ತಿ ಮೊದಲಾದ ನಿರ್ದೇಶಕರೊಡನೆ ಕೆಲಸ ಮಾಡಿದರು. 'ಲವ್ ಇನ್ ಟೋಕಿಯೊ' (1966), 'ಜುಗ್ನು' (1973) ಈ ಅವಧಿಯ ಚಿತ್ರಗಳು. ಶ್ಯಾಮ್ ಬೆನಗಲ್ ನಿರ್ದೇಶನದ 'ಭಾರತ್ ಏಕ್ ಖೋಜ್' ದೂರದರ್ಶನ ಧಾರಾವಾಹಿಗೂ, ಎಸ್. ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನದ 'ಹೂವು ಹಣ್ಣು' (1993) ಕನ್ನಡ ಚಿತ್ರಕ್ಕೂ ಛಾಯಾಗ್ರಹಣ ಮಾಡಿದರು. ಇವರು ಓದಿದ ಬೆಂಗಳೂರಿನ ಸಂಸ್ಥೆಯಲ್ಲಿಯೇ ಕಲಿತ ಗೋವಿಂದ ನಿಹಲಾನಿ ಇವರ ಸಹಾಯಕರಾಗಿದ್ದು, ಮುಂದೆ ಹೆಸರಾಂತ ಛಾಯಾಗ್ರಾಹಕರೂ ನಿರ್ದೇಶಕರೂ ಆದರು.

ಪ್ರಶಸ್ತಿ ಮತ್ತು ನಿಧನ

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 2010ರಲ್ಲಿ ಇವರಿಗೆ ಪ್ರದಾನ ಮಾಡಲಾಯಿತು. ಉಮಾ ರಾವ್ ಇವರ ಜೀವನವನ್ನು ಕುರಿತು 'ಬಿಸಿಲು ಕೋಲು' ಎಂಬ ಕನ್ನಡ ಕೃತಿಯನ್ನು ರಚಿಸಿದ್ದಾರೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಮೂರ್ತಿಯವರು 2014ರ ಏಪ್ರಿಲ್ 7ರಂದು ಅಲ್ಲಿಯೇ ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು.