ಬ್ರೆಗೆ ಮತ್ತು ಬಿದ್ದರೂ ಕೆಡದ ಗಡಿಯಾರ

ಒಂಬತ್ತನೆಯ ತರಗತಿಯಲ್ಲಿ ಸಂವೇಗದ ಪಾಠಕ್ಕೆ ಕ್ರಿಕೆಟ್ ಚೆಂಡು ಹಿಡಿಯುವ ಕೈ ಹಿಂದಕ್ಕೆ ಸರಿಯುವ ಉದಾಹರಣೆ ಎಲ್ಲರ ಪಾಠಯೋಜನೆಯಲ್ಲೂ ಇರುತ್ತದೆ. ಅದರ ಜೊತೆಗೆ ಅಬ್ರಹಾಂ ಲೂಯಿ ಬ್ರೆಗೆಯ ಜೀವನವನ್ನೂ ಹೇಳಿ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಸೂಚಿಸುತ್ತೇನೆ.

ಬ್ರೆಗೆ 1747ರಲ್ಲಿ ಇಂದಿನ ಸ್ವಿಟ್ಜರ್ಲೆಂಡಿನ ನೂಶಾಟೆಲ್‌ನಲ್ಲಿ ಹುಟ್ಟಿದ. ತಂದೆ ಬೇಗ ತೀರಿಕೊಂಡರು. ತಾಯಿ ಮರುಮದುವೆಯಾದದ್ದು ಗಡಿಯಾರದ ಕಸುಬಿನವನನ್ನು; ಹುಡುಗನ ಕೈಗೆ ಆ ಕೆಲಸ ಬಂದದ್ದು ಹಾಗೆ. ಹದಿಹರೆಯದಲ್ಲಿ ಫ್ರಾನ್ಸಿಗೆ ಹೋಗಿ ಕಲಿತು, 1775ರಲ್ಲಿ ಪ್ಯಾರಿಸಿನಲ್ಲಿ ಸೇನ್ ನದಿಯ ದಡದ ಮೇಲೆ ಸ್ವಂತ ಅಂಗಡಿ ತೆರೆದ.

ಆ ಕಾಲದ ಜೇಬುಗಡಿಯಾರ ಕೈತಪ್ಪಿ ಬಿದ್ದರೆ ಕೆಟ್ಟಿತೆಂದೇ ಲೆಕ್ಕ. ಒಳಗೆ ಅತ್ತಿತ್ತ ತಿರುಗಾಡುವ ತೂಗುಚಕ್ರವೊಂದಿದೆ. ಚಕ್ರಕ್ಕೆ ತೂಕವಿದೆ, ಅದನ್ನು ಹೊರುವ ಅಚ್ಚಿನ ತುದಿಯೋ ಸೂಜಿಮೊನೆಯಂಥದು. ಬಿದ್ದಾಗ ಮುರಿಯುತ್ತಿದ್ದದ್ದು ಆ ತುದಿ. ಹಾಗಾದರೆ ಅದನ್ನೇ ದಪ್ಪ ಮಾಡಬಹುದಲ್ಲ ಎಂದು ಮಕ್ಕಳು ಕೇಳುತ್ತಾರೆ; ಕೇಳದಿದ್ದರೆ ನೀವೇ ಕೇಳಿಸಿ. ದಪ್ಪವಾದರೆ ಘರ್ಷಣೆ ಹೆಚ್ಚುತ್ತದೆ, ಗಡಿಯಾರ ಸಮಯ ತಪ್ಪುತ್ತದೆ. ಬ್ರೆಗೆ ಗಟ್ಟಿ ಮಾಡುವ ಗೋಜಿಗೇ ಹೋಗಲಿಲ್ಲ. 1790ರ ಸುಮಾರಿಗೆ ಅವನು ತುದಿಯನ್ನು ಶಂಕುವಿನಾಕಾರಕ್ಕೆ ತಂದು, ಅದು ಕೂರುವ ರತ್ನದ ಪುಟ್ಟ ಬಟ್ಟಲನ್ನು ತೆಳುವಾದ ಸ್ಪ್ರಿಂಗ್ ಪಟ್ಟಿಯ ಮೇಲೆ ಇಟ್ಟ. ಏಟು ಬಿದ್ದಾಗ ಬಟ್ಟಲು ತುಸು ಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಸಂವೇಗ ಬದಲಾಗಲು ಹೆಚ್ಚು ಸಮಯ ಸಿಕ್ಕಿತು, ತುದಿಯ ಮೇಲಿನ ಬಲ ಇಳಿಯಿತು. ಪಾಠದ ಸೂತ್ರ ಇದೇ ಅಲ್ಲವೇ? ಅವನು ಗಣ್ಯರ ಮುಂದೆ ಗಡಿಯಾರವನ್ನು ನೆಲಕ್ಕೆಸೆದು ತೋರಿಸಿದನೆಂಬ ಕಥೆಯೊಂದಿದೆ. ಕಥೆಯೆಂದು ಹೇಳಿಯೇ ಹೇಳಿ.

ಅಷ್ಟರಲ್ಲಿ ಫ್ರಾನ್ಸಿನ ಕ್ರಾಂತಿ ಬಂತು. ರಾಜಮನೆತನವೇ ಗಿರಾಕಿಯಾಗಿದ್ದವನಿಗೆ ಅದು ಜೀವಕ್ಕೇ ಸಂಚಕಾರ. 1793ರಲ್ಲಿ ಅಂಗಡಿ ಬಿಟ್ಟು ತಾಯ್ನೆಲಕ್ಕೆ ಓಡಿದ, 1795ರಲ್ಲಿ ಮರಳಿ ಬಂದು ಕೆಲಸ ಮತ್ತೆ ಕಟ್ಟಿದ. 1801ರಲ್ಲಿ ಟೂರ್ಬಿಯೋನ್ ಎಂಬ ಯಂತ್ರಭಾಗಕ್ಕೆ ಪೇಟೆಂಟ್ ಪಡೆದ. ಹೆಸರು ಹೆಚ್ಚು ಅದಕ್ಕೇ, ನನಗೆ ಮಾತ್ರ ಸ್ಪ್ರಿಂಗ್ ಪಟ್ಟಿಯೇ ದೊಡ್ಡದು. ಮುಂದೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯನೂ ಆದ. 1823ರಲ್ಲಿ ತೀರಿಕೊಂಡ.

20ನೆಯ ಶತಮಾನದಲ್ಲಿ ಕೈಗಡಿಯಾರಗಳಿಗೆ ಇದೇ ಉಪಾಯ ಬೇರೆ ಬೇರೆ ರೂಪದಲ್ಲಿ ಬಂತು. ನಮ್ಮ ಎಚ್‌ಎಂಟಿಯ ಹಳೆಯ ಕೀಲಿ ಗಡಿಯಾರಗಳ ಮುಖದ ಮೇಲೆ ಪ್ಯಾರಾಶಾಕ್ ಎಂಬ ಮಾತು ಕಾಣಸಿಗುತ್ತದೆ. ರಿಪೇರಿಯವರ ಬಳಿ ಕೆಟ್ಟದ್ದೊಂದನ್ನು ಕೇಳಿ ತಂದು, ಹಿಂದಿನ ಮುಚ್ಚಳ ತೆಗೆದು, ಭೂತಗನ್ನಡಿ ಕೊಟ್ಟು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯಿರಿ. ತೂಗುಚಕ್ರದ ನಡುವೆ ಕೆಂಪು ಕಲ್ಲು, ಅದನ್ನು ಹಿಡಿದ ಪುಟಾಣಿ ಸ್ಪ್ರಿಂಗ್ ಕಾಣುತ್ತದೆ.