ರಾಮಾನುಜನ್ ಅವರನ್ನು ಸಸ್ಯಾಹಾರ ಕೊಂದಿತೇ?

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ತೀರಿಕೊಂಡಾಗ ಅವರಿಗೆ 32 ವರ್ಷ. ಅಷ್ಟು ಬೇಗ ಯಾಕೆ ಹೋದರು ಎಂಬ ಮಾತು ಬಂದಾಗಲೆಲ್ಲ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: ಇಂಗ್ಲೆಂಡಿನ ಚಳಿಯಲ್ಲಿ ಮಾಂಸ ಮುಟ್ಟದೆ ಬದುಕಲು ಹೋದರು, ದೇಹ ತಡೆಯಲಿಲ್ಲ. ಕೆಲವರು ಇದನ್ನು ಮರುಕದಿಂದ ಹೇಳುತ್ತಾರೆ, ಕೆಲವರು ಸಸ್ಯಾಹಾರಿಗಳನ್ನು ಕಿಚಾಯಿಸಲು ಹೇಳುತ್ತಾರೆ. ಇನ್ನೊಂದು ಕಡೆಯವರು ಅವರ ವ್ರತನಿಷ್ಠೆಯನ್ನೇ ಹಾಡಿ ಹೊಗಳಿ, ಊಟಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಎನ್ನುತ್ತಾರೆ. ಅವರ ಬದುಕಿನ ವಿವರಗಳನ್ನು ನೋಡಿದರೆ ಎರಡು ಮಾತೂ ಪೂರ್ತಿ ನಿಲ್ಲುವುದಿಲ್ಲ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿದ್ದ ತಾಯಿಯ ತವರಿನಲ್ಲಿ. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯಲ್ಲಿ ಗುಮಾಸ್ತ. ತಾಯಿ ಕೋಮಲತಮ್ಮಾಳ್ ಆಚಾರದಲ್ಲಿ ಬಿಗಿ. ಅಯ್ಯಂಗಾರ್ ಮನೆ, ಮಾಂಸ ಮೊಟ್ಟೆಯ ಮಾತೇ ಇಲ್ಲ. ಆದರೆ ಹಾಲು, ಮೊಸರು, ಮಜ್ಜಿಗೆ, ತುಪ್ಪ ನಿತ್ಯದ ಊಟದಲ್ಲಿ ಸೇರಿದ್ದವು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಕಾಲೇಜಿನಲ್ಲಿ ಗಣಿತ ಬಿಟ್ಟು ಉಳಿದದ್ದರಲ್ಲೆಲ್ಲ ಫೇಲಾದದ್ದು, ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾದದ್ದು, 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಪ್ರಮೇಯಗಳನ್ನು ತುಂಬಿಸಿ ಪತ್ರ ಬರೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅಷ್ಟಾಗಿ ಯಾರೂ ಹೇಳದ ಸಂಗತಿಯೆಂದರೆ, 1906ರ ಸುಮಾರಿಗೆ ಮದರಾಸಿನಲ್ಲಿ ಓದುತ್ತಿದ್ದಾಗ ಅವರಿಗೆ ಆಮಶಂಕೆ ಆಗಿತ್ತು. ಆ ಕಾಲದಲ್ಲಿ ಅದೊಂದು ದೊಡ್ಡ ಸುದ್ದಿಯೇ ಅಲ್ಲ. ಕೆಟ್ಟ ನೀರು ಕುಡಿದವರಿಗೆಲ್ಲ ಬರುತ್ತಿದ್ದ ಕಾಯಿಲೆ.

1914ರ ಮಾರ್ಚ್ 17ರಂದು ಅವರು ನೆವಾಸಾ ಎಂಬ ಹಡಗು ಹತ್ತಿದರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಕಾಲ. ಜುಟ್ಟು ಕತ್ತರಿಸಿ, ಕೋಟು ತೊಟ್ಟು ಹೊರಟರು. ಊಟದ ವಿಷಯದಲ್ಲಿ ಮಾತ್ರ ಮನೆಯ ಕ್ರಮ ಬಿಡುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದರು. ಹೆಂಡತಿ ಜಾನಕಿ ಆಗಿನ್ನೂ ಹುಡುಗಿ, ಊರಿನಲ್ಲೇ ಉಳಿದರು.

ಟ್ರಿನಿಟಿ ಕಾಲೇಜಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದೊಡ್ಡ ಭೋಜನಶಾಲೆ ಇತ್ತು. ರಾಮಾನುಜನ್ ಅಲ್ಲಿಗೆ ಹೋಗುತ್ತಿರಲಿಲ್ಲ. ತರಕಾರಿಯನ್ನೂ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆಂಬ ಭಯ ಅವರಿಗೆ, ಆ ಕಾಲದ ಇಂಗ್ಲೆಂಡಿನಲ್ಲಿ ಆ ಭಯ ಸುಳ್ಳೇನೂ ಆಗಿರಲಿಲ್ಲ. ಹಾಗಾಗಿ ಕೋಣೆಯಲ್ಲೇ ಗ್ಯಾಸ್ ಒಲೆಯ ಮೇಲೆ ಅಡುಗೆ. ಊರಿನಿಂದ ಪೊಟ್ಟಣಗಳಲ್ಲಿ ಪುಡಿ, ಹುಣಸೆಹಣ್ಣು ಬಂದರೆ ಸಾರು ಆಗುತ್ತಿತ್ತು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಹಡಗುಗಳು ಮುಳುಗತೊಡಗಿದವು, ಪೇಟೆಯಲ್ಲಿ ತರಕಾರಿ ಹಣ್ಣು ಸಿಗುವುದೇ ಕಷ್ಟವಾಯಿತು. ಅದರ ಮೇಲೆ ಲೆಕ್ಕ ಹಿಡಿದರೆ ಹೊತ್ತು ಗೊತ್ತಾಗದ ಮನುಷ್ಯ. ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ದಿನಕ್ಕೊಮ್ಮೆ ಒಲೆ ಹಚ್ಚುತ್ತಿದ್ದರು. ಮೊದಲ ಚಳಿಗಾಲದಲ್ಲಿ ಗೆಳೆಯ ಮಹಲನೋಬಿಸ್ ನೋಡಲು ಹೋದಾಗ, ರಾಮಾನುಜನ್ ಹಾಸಿಗೆಗೆ ಬಿಗಿಯಾಗಿ ಸಿಕ್ಕಿಸಿದ್ದ ಕಂಬಳಿಗಳ ಒಳಗೆ ಮಲಗಬೇಕೆಂದು ತಿಳಿಯದೆ ಅವುಗಳ ಮೇಲೆಯೇ ಓವರ್‌ಕೋಟು ಹಾಕಿಕೊಂಡು ಮಲಗುತ್ತಿದ್ದರೆಂದು ಗೊತ್ತಾಯಿತು. ಹೇಳಿಕೊಡುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.

ಉಣ್ಣುವುದು ಅವರಿಗೆ ಬರೀ ಹೊಟ್ಟೆಯ ವಿಷಯವಾಗಿರಲಿಲ್ಲ. ಒಮ್ಮೆ ಚಟರ್ಜಿ ಎಂಬ ಗೆಳೆಯನನ್ನೂ ಅವನು ಮದುವೆಯಾಗಲಿದ್ದ ಹುಡುಗಿಯನ್ನೂ ಕೋಣೆಗೆ ಕರೆದು ತಾವೇ ಅಡುಗೆ ಮಾಡಿ ಬಡಿಸಿದರು. ಸಾರನ್ನು ಮತ್ತೆ ಮತ್ತೆ ಬಡಿಸಿ, ಮೂರನೆಯ ಸಲ ಅತಿಥಿಗಳು ಸಾಕೆಂದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ರಾಮಾನುಜನ್ ಕೋಣೆಯಲ್ಲೇ ಇಲ್ಲ! ಮನಸ್ಸಿಗೆ ಅಷ್ಟು ನೋವಾಗಿ ನೇರ ಆಕ್ಸ್‌ಫರ್ಡಿಗೆ ಹೋಗಿಬಿಟ್ಟಿದ್ದರು. ವಾಪಸು ಬಂದದ್ದು ಕೆಲವು ದಿನ ಕಳೆದ ಮೇಲೆ.

1917ರ ವಸಂತದಲ್ಲಿ ಕಾಯಿಲೆ ಬಿದ್ದರು. ರಾತ್ರಿ ಜ್ವರ, ಹೊಟ್ಟೆನೋವು, ತೂಕ ಇಳಿಯುವುದು. ಒಬ್ಬ ವೈದ್ಯರು ಜಠರದ ಹುಣ್ಣು ಎಂದರು, ಇನ್ನೊಬ್ಬರು ಕ್ಯಾನ್ಸರ್ ಇರಬಹುದು ಎಂದರು, ಕೊನೆಗೆ ಕ್ಷಯ ಎಂದು ತೀರ್ಮಾನಿಸಿದರು. ಕ್ಷಯಕ್ಕೆ ಆಗ ಔಷಧಿಯಿರಲಿಲ್ಲ. ತಣ್ಣನೆಯ ಗಾಳಿಗೆ ಮಲಗಿಸಿ ಚೆನ್ನಾಗಿ ತಿನ್ನಿಸುವುದೇ ಚಿಕಿತ್ಸೆ. ಮ್ಯಾಟ್‌ಲಾಕ್ ಎಂಬ ಊರಿನ ಸ್ಯಾನಟೋರಿಯಂನಲ್ಲಿ ಈ ಎರಡನೆಯ ಭಾಗವೇ ನಡೆಯಲಿಲ್ಲ. ಅಲ್ಲಿನ ಅಡುಗೆಯವರಿಗೆ ನಮ್ಮ ಅಡುಗೆ ಬರುವುದಿಲ್ಲ, ಅವರು ಬೇಯಿಸಿದ ಸಪ್ಪೆ ಊಟ ಇವರ ಗಂಟಲಲ್ಲಿ ಇಳಿಯುವುದಿಲ್ಲ. ನೋಡಲು ಹೋದ ಒಬ್ಬ ತಮಿಳು ಎಂಜಿನಿಯರ್ ಗೆಳೆಯರು ಗಾಬರಿಯಾಗಿ ಹಾರ್ಡಿಗೆ ಪತ್ರ ಬರೆದರು. ರಾಮಾನುಜನ್ ಎದುರು ತಿನ್ನಬಹುದಾದ ವಸ್ತುಗಳು ಇರಲಿಲ್ಲವೆಂದಲ್ಲ. ಕಾಯಿಲೆಯವನಿಗೆ ಬಾಯಿರುಚಿಯೇ ಕೆಟ್ಟಿರುವಾಗ, ಪರಿಚಯವಿಲ್ಲದ ಸಪ್ಪೆ ಪದಾರ್ಥ ಎಷ್ಟು ಪೌಷ್ಟಿಕವಾಗಿದ್ದರೇನು? ನಾಲಿಗೆ ಒಪ್ಪದ್ದು ತಟ್ಟೆಯಲ್ಲೇ ಉಳಿಯುತ್ತದೆ. ಪಥ್ಯ ಬರೆದುಕೊಡುವವರು ಇದನ್ನು ಇವತ್ತಿಗೂ ಮರೆಯುತ್ತಾರೆ ಎಂಬುದು ನನ್ನ ದೂರು.

1918ರ ಆರಂಭದಲ್ಲಿ ಅವರು ಲಂಡನ್ನಿನ ನೆಲದಡಿಯ ರೈಲು ಹಳಿಗೆ ಹಾರಿದರು. ರೈಲು ಹೇಗೋ ನಿಂತಿತು, ಬದುಕುಳಿದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು, ಟ್ರಿನಿಟಿಯ ಫೆಲೋ ಕೂಡ. ಓವಲ್ಟೀನ್ ಪ್ರಸಂಗವನ್ನೂ ಹೇಳುತ್ತಾರೆ: ನಿತ್ಯ ಕುಡಿಯುತ್ತಿದ್ದ ಆ ಪಾನೀಯದಲ್ಲಿ ಮೊಟ್ಟೆಯ ಪುಡಿ ಇದೆಯೆಂದು ಡಬ್ಬಿಯ ಮೇಲೆ ಓದಿ ಕಂಗಾಲಾದರಂತೆ.

ಈಗ ಪ್ರಶ್ನೆಗೆ ಬರೋಣ. ಸಸ್ಯಾಹಾರದಲ್ಲಿ ಅವರ ದೇಹಕ್ಕೆ ಏನು ಸಿಗದೆ ಹೋಗಿರಬಹುದು? ಬಿ12 ಜೀವಸತ್ವ ಸೊಪ್ಪು, ಕಾಳು, ಧಾನ್ಯಗಳಲ್ಲಿ ಇರುವುದಿಲ್ಲ ಎನ್ನಬಹುದು. ಆದರೆ ಹಾಲು ಮೊಸರಿನಲ್ಲಿ ಇದೆ, ಮತ್ತು ಯಕೃತ್ತು ಅದನ್ನು ವರ್ಷಗಟ್ಟಲೆ ಕೂಡಿಡುತ್ತದೆ. ಹಾಲು ಬಿಟ್ಟವರಿಗೆ ಅಪಾಯ ಹೆಚ್ಚು, ರಾಮಾನುಜನ್ ಹಾಲು ಬಿಟ್ಟವರಲ್ಲ. ಡಿ ಜೀವಸತ್ವದ ಕಥೆ ಬೇರೆ. ಅದನ್ನು ಚರ್ಮ ಬಿಸಿಲಿನಿಂದ ತಯಾರಿಸುತ್ತದೆ, ಊಟದಿಂದ ಬರುವುದು ಸ್ವಲ್ಪ, ಅದೂ ಮುಖ್ಯವಾಗಿ ಎಣ್ಣೆಯಂಶದ ಮೀನು ಮತ್ತು ಮೊಟ್ಟೆಯಿಂದ. ಕುಂಭಕೋಣದಲ್ಲಿ ಬಿಸಿಲಿಗೆ ಬರವಿಲ್ಲ. ಕೇಂಬ್ರಿಜ್ ಇರುವುದು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬಿಸಿಲು ಅದಕ್ಕೆ ಸಾಲದು, ಕಪ್ಪು ಚರ್ಮಕ್ಕಂತೂ ಇನ್ನೂ ಹೆಚ್ಚು ಹೊತ್ತು ಬೇಕು. ಹಗಲು ಮಲಗಿ ರಾತ್ರಿ ಲೆಕ್ಕ ಮಾಡುವ ಸಸ್ಯಾಹಾರಿಗೆ ಡಿ ಕೊರತೆ ಆಗಿದ್ದರೆ ಆಶ್ಚರ್ಯವಿಲ್ಲ. ಅಂದರೆ ಊರಿನಲ್ಲಿ ಒಗ್ಗಿದ್ದ ಅದೇ ಊಟ ಅಲ್ಲಿ ಒಗ್ಗದೆ ಹೋಗಬಹುದು, ಊಟ ಬದಲಾಗದಿದ್ದರೂ. ಇದನ್ನು ಆಗಿನ ವೈದ್ಯರು ತಿಳಿದಿರಲು ಸಾಧ್ಯವೇ ಇರಲಿಲ್ಲ: ಡಿ ಜೀವಸತ್ವಕ್ಕೆ ಹೆಸರಿಟ್ಟದ್ದು 1922ರಲ್ಲಿ, ಬಿ12 ಬೇರ್ಪಡಿಸಿದ್ದು 1948ರಲ್ಲಿ.

ಹಾಗೆಂದು ಇಂಗ್ಲೆಂಡಿನ ಚಳಿಗೂ ಸಸ್ಯಾಹಾರಕ್ಕೂ ಆಗಿಬರುವುದಿಲ್ಲ ಎನ್ನಲಾಗದು. ಅಲ್ಲಿ 1847ರಿಂದಲೇ ಸಸ್ಯಾಹಾರಿಗಳ ಸಂಘವಿತ್ತು. ನಾಟಕಕಾರ ಬರ್ನಾರ್ಡ್ ಷಾ ಅದೇ ಹವೆಯಲ್ಲಿ ಮಾಂಸ ಬಿಟ್ಟು 94ನೇ ವಯಸ್ಸಿನವರೆಗೂ ಬದುಕಿದರು. ಆದರೆ ಷಾಗೆ ಬಡಿಸುವವರಿದ್ದರು, ಹೊತ್ತು ಹೊತ್ತಿಗೆ ಊಟವಿತ್ತು. ದೇಹಗಳೂ ಒಂದೇ ಅಲ್ಲ. ಸಸ್ಯಗಳ ಕೊಬ್ಬಿನಾಮ್ಲಗಳನ್ನು ಮಿದುಳಿಗೆ ಬೇಕಾದ ಉದ್ದ ಸರಪಳಿಯ ಕೊಬ್ಬಿನಾಮ್ಲಗಳಾಗಿ ಪರಿವರ್ತಿಸಲು ನೆರವಾಗುವ ಒಂದು ಜೀನ್ ರೂಪವನ್ನು 2016ರಲ್ಲಿ ವರದಿ ಮಾಡಿದರು. ಪರೀಕ್ಷಿಸಿದ ಪುಣೆಯ ಸಸ್ಯಾಹಾರಿಗಳಲ್ಲಿ ಶೇ. 68 ಜನರಲ್ಲಿ ಅದರ ಎರಡೂ ಪ್ರತಿಗಳಿದ್ದವು, ಅಮೆರಿಕನ್ನರಲ್ಲಿ ಶೇ. 18ರಲ್ಲಿ ಮಾತ್ರ. ನನಗೆ ಹಿಡಿಸಿದ ಊಟ ನಿಮಗೂ ಹಿಡಿಸಲೇಬೇಕೆಂದು ವಾದಿಸುವವರು, ಎರಡೂ ಕಡೆಯವರು, ಇದನ್ನು ಗಮನಿಸಬೇಕು.

ಕೊರತೆ ದೇಹವನ್ನು ದುರ್ಬಲಗೊಳಿಸಿರಬಹುದು. ಆದರೆ ಕೊಂದದ್ದು ಅದೇನಾ? 1919ರ ಮಾರ್ಚಿನಲ್ಲಿ ರಾಮಾನುಜನ್ ಊರಿಗೆ ಮರಳಿದರು. ಬಿಸಿಲು, ಅನ್ನ, ಸಾರು, ಮಜ್ಜಿಗೆ ಎಲ್ಲ ಸಿಕ್ಕಿತು. ಜಾನಕಿ ಹೊತ್ತಿಗೆ ಸರಿಯಾಗಿ ಉಣಿಸಿದರು, ನೋವು ಬಂದಾಗ ಶಾಖ ಕೊಟ್ಟರು. ಕಾಯಿಲೆ ಬರೀ ಊಟದ್ದಾಗಿದ್ದರೆ ಇಲ್ಲಿ ಚೇತರಿಸಿಕೊಳ್ಳಬೇಕಿತ್ತು. ಆಗಲಿಲ್ಲ, ಇನ್ನೂ ಇಳಿದುಹೋದರು. 1920ರ ಜನವರಿಯಲ್ಲಿ ಹಾರ್ಡಿಗೆ ಹೊಸ ಫಲನಗಳ ಬಗ್ಗೆ ಪತ್ರ ಬರೆದರು. ಏಪ್ರಿಲ್ 26ರಂದು ಮದರಾಸಿನ ಚೇಟ್‌ಪಟ್‌ನಲ್ಲಿ ತೀರಿಕೊಂಡರು.

1994ರಲ್ಲಿ ಡಿ. ಎ. ಬಿ. ಯಂಗ್ ಎಂಬುವರು ಆ ಕಾಲದ ಪತ್ರಗಳನ್ನೂ ವೈದ್ಯಕೀಯ ವಿವರಗಳನ್ನೂ ಜೋಡಿಸಿ ನೋಡಿ, ಅದು ಕ್ಷಯವಲ್ಲ, ಯಕೃತ್ತಿಗೆ ತಗಲಿದ ಅಮೀಬಾ ಸೋಂಕು ಇದ್ದಿರಬೇಕೆಂದು ವಾದಿಸಿದರು. ಆಮಶಂಕೆ ಮಾಡುವ ಅಮೀಬಾ ಕರುಳಿನಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಉಳಿದು, ಆಮೇಲೆ ಯಕೃತ್ತಿಗೆ ಇಳಿಯಬಲ್ಲದು. ಬಿಟ್ಟು ಬಿಟ್ಟು ಬರುವ ಜ್ವರ, ಬಲಭಾಗದ ನೋವು, ಸೊರಗುವುದು ಅದರ ಲಕ್ಷಣಗಳು. ದೇಹವೇ ಸಿಗದೆ ಇದನ್ನು ಖಚಿತಪಡಿಸಲಾಗದು, ಆದರೆ ಮಿಕ್ಕ ಊಹೆಗಳಿಗಿಂತ ಚೆನ್ನಾಗಿ ಹೊಂದುತ್ತದೆ. ಅದು ಹರಡುವುದು ಮಲ ಬೆರೆತ ನೀರು, ಆಹಾರದಿಂದ. ಮಾಂಸ ತಿನ್ನುವವರನ್ನೂ ಅದು ಬಿಡುವುದಿಲ್ಲ. ಅದಕ್ಕೆ ಮದ್ದೂ ಆಗಲೇ ಇತ್ತು: ಎಮಿಟಿನ್ ಚುಚ್ಚುಮದ್ದು ಪರಿಣಾಮಕಾರಿ ಎಂದು 1912ರಲ್ಲಿ ಲಿಯೊನಾರ್ಡ್ ರೋಜರ್ಸ್ ತೋರಿಸಿದ್ದರು, ಅದೂ ನಮ್ಮದೇ ಕಲ್ಕತ್ತೆಯಲ್ಲಿ. ರಾಮಾನುಜನ್ ಹಡಗು ಹತ್ತುವುದಕ್ಕೆ ಎರಡು ವರ್ಷ ಮೊದಲು.

ಯಂಗ್ ಅವರ ಲೇಖನ ಬಂದ ಅದೇ 1994ರ ಏಪ್ರಿಲ್‌ನಲ್ಲಿ ಜಾನಕಿ ಅಮ್ಮಾಳ್ ಮದರಾಸಿನಲ್ಲಿ ತೀರಿಕೊಂಡರು. ವಯಸ್ಸು 90 ದಾಟಿತ್ತು.